ಓದಿದಂತೆ ಭಾವಿಸಲಾಗಿದೆ

ಕೋಟಿನ ಮೇಲಿನ ಗುಂಡಿ ಹಾಕಿಕೊಳ್ಳುತ್ತ ಅವನು ಕನ್ನಡಿ ನೋಡಿದ. ಕನ್ನಡಿಯೊಳಗಿನ ಕೈ ಎಂದಿನ ಹಾಗೆ, ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಿರುವ ಕೈಯ ಹಾಗೆ, ಗುಂಡಿಯನ್ನು ಕಾಜದೊಳಕ್ಕೆ ದೂಡಿ ಕೆಳಗಿಳಿಯಿತು. ಬೆಳಗಿನ ತಿಂಡಿಯನ್ನು ಹಾಗೇ ವಾಪಸು ಕಳಿಸಿದ್ದ. ಅಡುಗೆಯವನು ಬಾಗಿಲಾಚೆ ನಿಂತು "ಸಾಹೇಬರಿಗೆ ಮೈ ಹುಷಾರಿಲ್ವಾ?" ಎಂದು ಪಿಸುಗುಟ್ಟಿದ್ದು, ಸದಾ ಬೆನ್ನ ಹಿಂದಿರುವ ಸಮವಸ್ತ್ರದ ಎಡಿಸಿ "ಇವತ್ತು ಭಾಷಣ ಇದೆಯಲ್ಲಪ್ಪ" ಎಂದದ್ದು ಎರಡೂ ಕೇಳಿಸಿದ್ದವು. ಭಾಷಣವಿದೆ ಎಂದು ಊಟ ತಿಂಡಿ ಬಿಟ್ಟವನಲ್ಲ ಅವನು. ರಾಯಭಾರಿಯಾಗಿ ಅರ್ಧ ಜಗತ್ತು ಸುತ್ತಿ, ನಿವೃತ್ತಿಯಾದ ಮೇಲೆ ಈ ರಾಜ್ಯಕ್ಕೆ ರಾಜ್ಯಪಾಲನಾಗಿ ಬಂದು ಕೂತವನಿಗೆ ಭಾಷಣವೆಂದರೆ ಮುಖ ತೊಳೆದಷ್ಟು ಸಹಜ. ಎಷ್ಟೋ ರಾಜಧಾನಿಗಳಲ್ಲಿ ಹೀಗೇ ಮುಚ್ಚುಗತ್ತಿನ ಕರಿಕೋಟು ತೊಟ್ಟು, ಯಾರೋ ಬರೆದುಕೊಟ್ಟದ್ದನ್ನು ತನ್ನದೇ ಎನ್ನುವ ಹಾಗೆ ಓದಿ, ಚಪ್ಪಾಳೆ ತೆಗೆದುಕೊಂಡು, ಬಡಿಸಿದ್ದನ್ನು ತಿಂದು ಬಂದಿದ್ದ. ಹೆಂಡತಿ ಇದ್ದಾಗ ಔತಣದ ಮೇಜಿನಡಿಯಲ್ಲಿ ಅವನ ಪಾದದ ಮೇಲೆ ತನ್ನ ಪಾದ ಇಟ್ಟುಕೊಂಡೇ ಕೂರುತ್ತಿದ್ದಳು; ಅವನೇನಾದರೂ ಸ್ವಂತ ಮಾತು ಆಡುವ ಸೂಚನೆ ಕಂಡರೆ ಒತ್ತುತ್ತಿದ್ದಳು. ಅವಳು ಹೋದ ಮೇಲೂ ಮೇಜಿನ ಮುಂದೆ ಕೂತರೆ ಅವನ ಪಾದ ತನ್ನಷ್ಟಕ್ಕೆ ಹಿಂದೆ ಸರಿಯುತ್ತದೆ.

ಭಾಷಣದ ಪ್ರತಿ ಕನ್ನಡಿಯ ಕೆಳಗೆ ಇತ್ತು, ದಪ್ಪ ಕಾಗದ, ಮೇಲೆ ರಾಜ್ಯದ ಮುದ್ರೆ. ಶಾಸನಸಭೆಯ ವರ್ಷದ ಮೊದಲ ಅಧಿವೇಶನಕ್ಕೆ ರಾಜ್ಯಪಾಲ ಹೋಗಿ ಭಾಷಣ ಮಾಡಬೇಕು. ಆ ಭಾಷಣವನ್ನು ಮಂತ್ರಿಮಂಡಲ ಬರೆಯಬೇಕು. ಅವನು 'ನನ್ನ ಸರ್ಕಾರ', 'ನನ್ನ ಸರ್ಕಾರ' ಎನ್ನುತ್ತ ಓದಬೇಕು. ಸಂಪ್ರದಾಯ. ಬೆಳಿಗ್ಗೆಯಿಂದ ನಾಲ್ಕೈದು ಸಲ ಗಟ್ಟಿಯಾಗಿ ಓದಿ ನೋಡಿದ್ದ. ರಸ್ತೆ, ಸೇತುವೆ, ಶಾಲೆಯ ಮಕ್ಕಳಿಗೆ ಬೂಟು, ಎಲ್ಲ ಸರಾಗ. ಹದಿನಾಲ್ಕನೆಯ ಪ್ಯಾರಾಕ್ಕೆ ಬರುವ ಹೊತ್ತಿಗೆ ನಾಲಿಗೆ, ಮುಚ್ಚಿದ ರೈಲ್ವೆ ಗೇಟಿನ ಮುಂದೆ ಬಂದು ನಿಂತ ಗಾಡಿಯ ಹಾಗೆ, ನಿಂತುಬಿಡುತ್ತಿತ್ತು. 'ಗಿರಣಿ ಬಡಾವಣೆಯಲ್ಲಿ ಕಾಣಿಸಿಕೊಂಡ ವಾಂತಿಭೇದಿಗೆ ನಲ್ಲಿ ನೀರು ಕಾರಣವಲ್ಲವೆಂಬುದು ದೃಢಪಟ್ಟಿದೆ. ಈ ಬಗ್ಗೆ ಕೆಲವು ವೈದ್ಯರು ಹಬ್ಬಿಸಿದ ವದಂತಿಯನ್ನು ನನ್ನ ಸರ್ಕಾರ ಗಂಭೀರವಾಗಿ ಪರಿಗಣಿಸಿದೆ.' ಕೆಲವು ವೈದ್ಯರು ಎಂದರೆ ಒಬ್ಬಳು. ಆ ಒಬ್ಬಳು ಅವನ ಮಗಳು.

ಈ ಊರಿನ ಸರ್ಕಾರಿ ಆಸ್ಪತ್ರೆಗೆ ಅವನಿಗಿಂತ ಮೊದಲೇ ಬಂದು ಸೇರಿದ್ದವಳು ಅವಳು. ನೇಮಕದ ಸುದ್ದಿ ಹೇಳಲು ಫೋನ್ ಮಾಡಿದಾಗ, "ಯಾಕೆ ಅಪ್ಪ, ಬೇರೆ ಯಾವ ರಾಜ್ಯವೂ ಖಾಲಿ ಇರಲಿಲ್ವಾ?" ಎಂದಿದ್ದಳು. ಇಬ್ಬರೂ ನಕ್ಕಿದ್ದರು. ರಾಜಭವನದಲ್ಲಿ ಕೋಣೆಗಳು ಭಣಭಣ ಎನ್ನುತ್ತಿದ್ದರೂ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಬಿಡಲಿಲ್ಲ. ಯಾರ ಮಗಳು ಎಂದು ಬಹಳ ದಿನ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಎಲ್ಲರಿಗೂ ಗೊತ್ತು. ಗೊತ್ತಾದದ್ದರಿಂದ ಅವಳಿಗಾದ ಉಪಕಾರವೆಂದರೆ, ಪತ್ರಕರ್ತನೊಬ್ಬನಿಗೆ 'ಸತ್ತ ಮಕ್ಕಳೆಲ್ಲ ಒಂದೇ ಕೊಳವೆಯ ನೀರು ಕುಡಿದವರು' ಎಂದು ಹೇಳಿದ ಮೇಲೂ ಅವಳನ್ನು ಕೂಡಲೇ ಮನೆಗೆ ಕಳಿಸದೆ, ವಿಚಾರಣೆ ಎಂದು ಒಬ್ಬ ಅಧಿಕಾರಿಯನ್ನು ಕೂರಿಸಿದ್ದು. ಕಳೆದ ಭಾನುವಾರ ಅವಳು ಊಟಕ್ಕೆ ಬಂದಿದ್ದಳು. ಹಿಂದಿನ ಗೇಟಿನಲ್ಲಿ ಕಾವಲಿನವನು ಗುರುತಿನ ಚೀಟಿ ಕೇಳಿದನಂತೆ, ತೋರಿಸಿ ಒಳಗೆ ಬಂದು, ಕೂರುವ ಮೊದಲೇ ಕೈ ತೊಳೆಯಲು ಹೋದಳು. ಎಷ್ಟು ಹೊತ್ತು ತೊಳೆದಳು! ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತ ಅವನು ಖಾಲಿ ತಟ್ಟೆಯ ಮುಂದೆ ಕೂತಿದ್ದ. ಬಂದವಳ ಬೆರಳುಗಳ ಸಂದಿ ಕೆಂಪಗೆ ಒಡೆದಿತ್ತು.

"ಆ ಪ್ಯಾರಾ ನೀವು ಓದಿದ್ರೆ, ನನ್ನ ಮಗಳು ಸುಳ್ಳುಗಾರ್ತಿ ಅಂತ ನೀವೇ ಸದನದಲ್ಲಿ ನಿಂತು ಹೇಳಿದ ಹಾಗೆ," ಎಂದಳು, ಅವನು ತೋರಿಸಿದ ಪ್ರತಿಯನ್ನು ಬದಿಗೆ ಸರಿಸಿ ಅನ್ನ ಕಲಸುತ್ತ.

"ಅದು ನನ್ನ ಮಾತಲ್ಲ ಪುಟ್ಟಿ. ಸರ್ಕಾರದ ಮಾತು."

"ಬಾಯಿ ಯಾರದು?"

ಅವನು ನಕ್ಕು ಹಾರಿಸಲು ನೋಡಿದ. ಆಮೇಲೆ, ತಾನು ಸುಮ್ಮನೆ ಕೂತಿಲ್ಲ, ಕಾರ್ಯದರ್ಶಿಯ ಮೂಲಕ ಒತ್ತಾಯ ತಂದು 'ದುರುದ್ದೇಶದಿಂದ' ಎಂಬ ಪದವನ್ನು ತೆಗೆಸಿದ್ದೇನೆ ಎಂದ. ಮೊದಲಿನ ಕರಡಿನಲ್ಲಿ 'ಕೆಲವು ವೈದ್ಯರು ದುರುದ್ದೇಶದಿಂದ ಹಬ್ಬಿಸಿದ' ಎಂದಿತ್ತು. ಹೇಳುವಾಗ ದನಿಯಲ್ಲಿ ಹೆಮ್ಮೆ ಇಣುಕಿದ್ದು ಅವನಿಗೇ ಕೇಳಿಸಿತು. ಮಗಳು ತುತ್ತು ಎತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ಅವನನ್ನು ನೋಡಿದಳು.

"ಒಳ್ಳೇದಾಯ್ತು ಬಿಡಿ. ಒಂದು ಪದ ಕಮ್ಮಿ ಸುಳ್ಳು." ತುತ್ತು ಬಾಯಿಗಿಟ್ಟುಕೊಂಡು ನಿಧಾನ ಅಗಿದಳು. "ಸದನದಲ್ಲಿ ನಿಮ್ಮ ಬಾಯಿಂದ ಬಂದ್ಮೇಲೆ ವಿಚಾರಣೆ ಅಧಿಕಾರಿಗೆ ಇನ್ನೇನು ಕೆಲಸ? ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ತಾರೆ. ನಾನೂ ಹೋಗ್ತೀನಿ. ನನ್ನದೇನು, ಎಲ್ಲಾದ್ರೂ ಒಂದು ಕ್ಲಿನಿಕ್ ಹಾಕ್ತೀನಿ. ಆ ಕೊಳವೆ ಅಗೆದು ಯಾರು ಸರಿಮಾಡ್ತಾರೆ?"

ಕಾರು ಸದನದ ಕಡೆ ಹೊರಟಾಗಲೂ ಆ ಪ್ರಶ್ನೆ ಪಕ್ಕದ ಸೀಟಿನಲ್ಲಿ ಕೂತಿತ್ತು. ಮುಂದೆ ಸೈರನ್ನಿನ ಗಾಡಿ, ಹಿಂದೆ ಪೊಲೀಸರ ಗಾಡಿ, ಇಕ್ಕೆಲದಲ್ಲಿ ತಡೆದು ನಿಲ್ಲಿಸಿದ ಜನ. ಸ್ಕೂಟರಿನ ಮೇಲೆ ಕೂತ ಹೆಂಗಸೊಬ್ಬಳು ಕೈಗಡಿಯಾರ ನೋಡಿಕೊಂಡು ಏನೋ ಅಂದಳು. ಗಾಜಿನ ಈಚೆಗೆ ತುಟಿ ಮಾತ್ರ ಕಂಡಿತು, ಬೈದದ್ದೆಂಬುದಕ್ಕೆ ಭಾಷಾಂತರ ಬೇಕಿರಲಿಲ್ಲ. ತುಟಿ ನೋಡಿ ಮಾತು ತಿಳಿಯುವುದು, ಆಡಿದ ಮಾತಿಗಿಂತ ಆಡದೆ ಬಿಟ್ಟದ್ದನ್ನು ಕೇಳಿಸಿಕೊಳ್ಳುವುದು, ಅವನ ಕಸುಬೇ ಅದಾಗಿತ್ತು. ಎರಡು ದೇಶಗಳ ಜಂಟಿ ಹೇಳಿಕೆ ಹೊರಬಿದ್ದರೆ ಪಳಗಿದವರು ಮೊದಲು ಹುಡುಕುವುದು ಅದರಲ್ಲಿ ಏನಿಲ್ಲ ಎಂಬುದನ್ನು. ಒಮ್ಮೆ, ಹಿಮ ಬಿದ್ದು ಕಿಟಕಿಗಳೆಲ್ಲ ಕುರುಡಾಗಿದ್ದ ಒಂದು ರಾಜಧಾನಿಯಲ್ಲಿ, ಮೂರು ದಿನ ಒಂದೇ ಮೇಜಿಗೆ ಅಂಟಿ ಕೂತು, ಕೊನೆಗೆ ಹೇಳಿಕೆಯಿಂದ ಒಂದು ನುಡಿಗಟ್ಟನ್ನು ಅವನು ಕೈಬಿಡಿಸಿದ್ದ. ಪ್ರತಿ ವರ್ಷ ತಪ್ಪದೆ ಬರುತ್ತಿದ್ದ 'ಪರಸ್ಪರ ಸ್ನೇಹ' ಆ ವರ್ಷ ಬರಲಿಲ್ಲ. ಅಷ್ಟೇ. ಮಾರನೆಯ ದಿನ ಅಲ್ಲಿನ ವಿದೇಶಾಂಗ ಇಲಾಖೆಯ ದೀಪಗಳು ಹಗಲೇ ಉರಿಯುತ್ತಿದ್ದವು. ಮೂರನೆಯ ದೇಶದ ರಾಯಭಾರಿ ಫೋನ್ ಮಾಡಿ "ನೀವು ಬಾಂಬು ಹಾಕಿಬಿಟ್ಟಿರಲ್ಲ ಮಾರಾಯರೇ" ಎಂದಿದ್ದ. ಬಾಯಿ ತೆರೆಯದೆ ಹಾಕಿದ ಬಾಂಬು. ಅವನ ಇಡೀ ವೃತ್ತಿಯಲ್ಲಿ ಅದಕ್ಕಿಂತ ಜೋರಾಗಿ ಏನನ್ನೂ ಅವನು ಹೇಳಿರಲಿಲ್ಲ. ಬಿಟ್ಟುಬಿಡುತ್ತೇನೆ ಎಂದುಕೊಂಡ. ಹದಿಮೂರು ಮುಗಿದ ಮೇಲೆ ಉಸಿರು ತೆಗೆದುಕೊಂಡು ಹದಿನೈದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೀಗೆಂದುಕೊಂಡ ಕೂಡಲೇ ತಿಂಡಿ ತಿನ್ನಬಹುದಾಗಿತ್ತು ಅನ್ನಿಸಿತು.

ಸದನದಲ್ಲಿ ಎತ್ತರದ ಕುರ್ಚಿಯ ಮುಂದೆ ನಿಂತು ಓದತೊಡಗಿದಾಗ, ತನ್ನ ದನಿ ಗೋಡೆಗೆ ಬಡಿದು ಬೇರೆ ಯಾರದೋ ದನಿಯಾಗಿ ಮರಳುತ್ತಿತ್ತು. ಮುಂದಿನ ಸಾಲಿನಲ್ಲಿ ಮುಖ್ಯಮಂತ್ರಿ ಕೈಕಟ್ಟಿ ಕೂತು ಒಂದು ಕಾಲನ್ನು ಮೆಲ್ಲಗೆ ಕುಣಿಸುತ್ತಿದ್ದರು. ಅವರ ಹಿಂದೆ ಒಬ್ಬ ಮಂತ್ರಿ, ಬಾಯಿ ಅರ್ಧ ತೆರೆದು, ರೆಪ್ಪೆ ಅರ್ಧ ಮುಚ್ಚಿ. ವಿರೋಧ ಪಕ್ಷದವರು ಮೊದಲ ಐದು ನಿಮಿಷ ಕೂಗಾಡಿ, ಹೊರಗೆ ಹೋಗಿ, ಅಲ್ಲಿ ಸೆಕೆ ಎಂದು ಕೆಲವರು ಒಳಗೆ ಬಂದಿದ್ದರು. ಹನ್ನೆರಡು. ಶಾಲೆಯ ಬೂಟು. ಹದಿಮೂರು. ಬೂಟಿನ ಜೊತೆಗೆ ಕಾಲುಚೀಲ. ಅವನು ನಿಲ್ಲಿಸಿದ. ಕಾಗದದ ಮೇಲೆ ಹದಿನಾಲ್ಕರ ಮೊದಲ ಅಕ್ಷರ ಉಳಿದವಕ್ಕಿಂತ ಕಪ್ಪಗೆ ಕಂಡಿತು. ಎದುರಿಗಿದ್ದ ಇಷ್ಟೂ ತಲೆಗಳು ಈಗ ಒಟ್ಟಿಗೆ ಮೇಲಕ್ಕೇಳುತ್ತವೆ, ಪತ್ರಕರ್ತರ ಅಟ್ಟದಲ್ಲಿ ಯಾರೋ ಪಕ್ಕದವನ ಮೊಣಕೈ ತಿವಿಯುತ್ತಾನೆ, ಎಂದು ಕಿವಿ ನೆಟ್ಟಗಾಗಿಸಿ ಕಾದ. ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಒಬ್ಬ ಸದಸ್ಯ ಕಿರುಬೆರಳಿನಿಂದ ಕಿವಿ ಕೆರೆದುಕೊಂಡು, ಬೆರಳನ್ನು ಪರೀಕ್ಷಿಸಿದ. ಅವನು ಹದಿನೈದನ್ನು ಓದಿದ: 'ನನ್ನ ಸರ್ಕಾರ ಮೀನುಗಾರಿಕೆಗೆ ವಿಶೇಷ ಆದ್ಯತೆ ನೀಡಿದೆ.' ಮೇಜು ಕುಟ್ಟಿದ ಸದ್ದು ಕೇಳಿ ಅರೆಗಣ್ಣಿನ ಮಂತ್ರಿ ಬೆಚ್ಚಿ ತಾನೂ ಕುಟ್ಟಿದ.

ಆಮೇಲೆ ಸಭಾಧ್ಯಕ್ಷರ ಕೋಣೆಯಲ್ಲಿ ಚಹಾ. ಗೋಡೆಯ ತುಂಬ ಹಿಂದಿನ ಸಭಾಧ್ಯಕ್ಷರ ಪಟಗಳು, ಎಲ್ಲರಿಗೂ ಒಂದೇ ಬಗೆಯ ಮುಖ. ಮುಖ್ಯಮಂತ್ರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮೊದಲು ಬಾಯಿಗೆ ಹಾಕಿಕೊಂಡು, ಹತ್ತಿರ ಬಂದರು. ಬಂತು ಎಂದುಕೊಂಡ ಅವನು. ಬೆನ್ನು ನೆಟ್ಟಗೆ ಮಾಡಿಕೊಂಡ. ಹೇಳಬೇಕಾದ ಮಾತನ್ನು ಕಾರಿನಲ್ಲೇ ಹೊಂದಿಸಿಟ್ಟುಕೊಂಡಿದ್ದ: ನನ್ನ ಆತ್ಮಸಾಕ್ಷಿಗೆ ಒಪ್ಪದ್ದನ್ನು...

"ಚೆನ್ನಾಗಿ ಓದಿದ್ರಿ ಸಾರ್. ನಮ್ಮವರು ಓದಿದ್ರೆ ಕಾಲುಚೀಲಾನೂ ಬೂಟೂ ಅದಲು ಬದಲಾಗ್ತಿತ್ತು," ಎಂದರು ಮುಖ್ಯಮಂತ್ರಿ. ಆಮೇಲೆ ದನಿ ತಗ್ಗಿಸಿ, "ನಡುವೆ ಒಂದು ಪ್ಯಾರಾ ತಪ್ಪಿಹೋಯ್ತಂತಲ್ಲ?"

"ತಪ್ಪಿಹೋದದ್ದಲ್ಲ," ಎಂದ ಅವನು.

ಮುಖ್ಯಮಂತ್ರಿಯ ಮುಖದಲ್ಲಿ ಏನೂ ಕದಲಲಿಲ್ಲ. ಮೀಸೆಗೆ ಅಂಟಿದ ಬಿಸ್ಕತ್ತಿನ ಪುಡಿಯನ್ನು ಒರೆಸಿಕೊಂಡರು. "ಅಯ್ಯೋ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ ಸಾರ್. ಮಂಡಿಸಿದ ಪ್ರತಿಯಲ್ಲಿ ಇದೆಯಲ್ಲ, ಓದಿದ ಹಾಗೇ ಲೆಕ್ಕ. ಅದೇ ಪದ್ಧತಿ. ಹೋದ ಸಲದ ರಾಜ್ಯಪಾಲರಿಗೆ ಪಾಪ ದಮ್ಮು, ಮೊದಲನೇ ಸಾಲು ಕೊನೇ ಸಾಲು ಓದಿ ಕೂತುಬಿಟ್ರು. ಇಡೀ ಭಾಷಣ ದಾಖಲೆಗೆ ಹೋಯ್ತು. ಪುರೋಹಿತ ಒಂದು ಮಂತ್ರ ನುಂಗಿದ್ರೆ ಮದುವೆ ನಿಲ್ಲುತ್ತಾ ಸಾರ್?" ಸುತ್ತಲಿದ್ದವರು ನಕ್ಕರು. ನಗುವಿನ ನಡುವೆ ತನ್ನ ತುಟಿಯೂ ಅಗಲವಾದದ್ದನ್ನು ಅವನು ಕಂಡುಕೊಂಡ. ನಗು ಬಂದ ಕಡೆಗೆ ತಿರುಗುವುದು ಅದಕ್ಕೆ ರೂಢಿ. ತಡೆಯುವಷ್ಟರಲ್ಲಿ ಫೋಟೋದವನು ಕ್ಲಿಕ್ಕಿಸಿದ್ದ.

ರಾಜಭವನಕ್ಕೆ ಮರಳುವ ಹೊತ್ತಿಗೆ ಕಾರ್ಯದರ್ಶಿಯ ಕೋಣೆಯ ಟಿವಿಯಲ್ಲಿ ಅವನ ಮುಖ ಬರುತ್ತಿತ್ತು. ದನಿ ಇರಲಿಲ್ಲ, ತುಟಿಗಳಷ್ಟೇ ಆಡುತ್ತಿದ್ದವು, ಕೆಳಗೆ ಕೆಂಪು ಪಟ್ಟಿಯಲ್ಲಿ: 'ನೀರಿನ ವದಂತಿ: ವೈದ್ಯರಿಗೆ ರಾಜ್ಯಪಾಲರ ಎಚ್ಚರಿಕೆ'. ತನ್ನ ತುಟಿಗಳನ್ನೇ ಅವನು ದಿಟ್ಟಿಸಿ ನೋಡಿದ. ಒಂದು ಕ್ಷಣ, ಓದಿಬಿಟ್ಟೆನೇ ಎಂದು ಅನುಮಾನವಾಯಿತು. ಅದು ಕಾಲುಚೀಲದ ಪ್ಯಾರಾ ಇರಬೇಕು. ತುಟಿ ಒತ್ತಿ ಅಗಲಿಸಿದ ರೀತಿ ಹಾಗಿದೆ. ಕಾರ್ಯದರ್ಶಿ ಎದ್ದು ನಿಂತಿದ್ದ. ಎಂಥ ಮಳೆಗಾಳಿಯಲ್ಲೂ ಕ್ರಾಪು ಕದಲದ ಮನುಷ್ಯ.

"ಭಾಷಣದ ಪ್ರತಿ ಬೆಳಿಗ್ಗೆನೇ ಪತ್ರಿಕೆಯವರ ಕೈಗೆ ಹೋಗಿರುತ್ತೆ ಸಾರ್. ಅವರು ಕೂತು ಕೇಳೋದಿಲ್ಲ."

"ನಾನು ಓದಲಿಲ್ಲ ಅಂತ ಒಂದು ಹೇಳಿಕೆ ಕೊಡೋಣ."

"ಆಗಬಹುದು ಸಾರ್." ಪೆನ್ನು ತೆಗೆದ. "ಯಾಕೆ ಓದಲಿಲ್ಲ ಅಂತ ಕೇಳ್ತಾರೆ. ಗಂಟಲು ಕಟ್ಟಿತ್ತು ಅಂತ ಹಾಕೋಣವೇ?"

ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಮಗಳಿಗೆ ಫೋನ್ ಮಾಡಿದ. ಗಂಟೆ ಬಹಳ ಹೊತ್ತು ಹೊಡೆಯಿತು. ಎತ್ತಿದಾಗ ಹಿಂದೆ ಮಗುವೊಂದು ಅಳುತ್ತಿತ್ತು, ಅಳುವುದಕ್ಕೂ ತ್ರಾಣವಿಲ್ಲದ ಅಳು; ಬಕೆಟ್ಟು ಎಳೆದ ಸದ್ದು, ಯಾರೋ "ಸಿಸ್ಟರ್, ಸಿಸ್ಟರ್" ಎಂದು ಕೂಗಿದ್ದು.

"ಪುಟ್ಟಿ, ನಾನು ಅದನ್ನ ಓದಲಿಲ್ಲ."

"ಟಿವಿಲಿ ಓದಿದೀರಿ ಅಂತ ಬರ್ತಿದೆ."

"ಬಿಟ್ಟೆ. ಬೇಕಂತಲೇ ಬಿಟ್ಟೆ."

ಆ ಕಡೆ ಅವಳು ಯಾರಿಗೋ "ಇನ್ನೊಂದು ಬಾಟ್ಲಿ ಹಾಕಿ, ಜೋರಾಗಿ ಬಿಡಿ" ಎಂದಳು. ಆಮೇಲೆ, "ಬಿಟ್ಟಿದ್ದು ಯಾರಿಗೆ ಕೇಳಿಸ್ತು ಅಪ್ಪ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಮಾತ್ರ ಇತ್ತು. ವಿಚಾರಣೆಯ ಅಧಿಕಾರಿ ಆಗಲೇ ಫೋನ್ ಮಾಡಿದ್ದರಂತೆ, ನಾಳೆ ಬರುವುದು ಬೇಡ, ಇನ್ನು ಕೇಳುವುದೇನಿದೆ ಅಂದರಂತೆ. "ಇರಲಿ. ಈಗ ಒಂದು ಕೆಲಸ ಮಾಡ್ತೀರಾ? ಇಲ್ಲಿಗೆ ಬನ್ನಿ. ಬಂದು ನೋಡಿ. ವಾರ್ಡಿನ ನೆಲದ ಮೇಲೆಲ್ಲ ಮಲಗಿದಾರೆ. ನೋಡಿದ್ದನ್ನ ನಿಮ್ಮ ಬಾಯಿಂದ ಹೇಳಿ. ಬೇರೇನೂ ಬೇಡ. ಆದ್ರೆ ಯಾರಿಗೂ ಹೇಳದೆ ಬನ್ನಿ. ಗೊತ್ತಾಯ್ತಾ? ಯಾರಿಗೂ ಹೇಳಬೇಡಿ."

"ಬರ್ತೀನಿ," ಎಂದ. ಎದ್ದು ನಿಂತ. ಯಾರಿಗೂ ಹೇಳದೆ ಹೋಗುವುದೆಂದರೆ ಹೇಗೆ ಎಂದು ಯೋಚಿಸತೊಡಗಿದ. ಕಾರು ತರಿಸಬೇಕಾದರೆ ಎಡಿಸಿಗೆ ಹೇಳಬೇಕು, ಎಡಿಸಿ ಪೊಲೀಸರಿಗೆ. ನಡೆದೇ ಹೋಗಬಹುದು; ಆಸ್ಪತ್ರೆ ಯಾವ ದಿಕ್ಕಿಗಿದೆ? ಈ ಊರನ್ನು ಅವನು ಗಾಜಿನ ಹಿಂದಿನಿಂದ, ಸೈರನ್ನಿನ ವೇಗದಲ್ಲಿ ಕಂಡಿದ್ದನೇ ಹೊರತು ಒಂದು ತಿರುವೂ ಗೊತ್ತಿರಲಿಲ್ಲ. ಹಿಂದಿನ ಗೇಟಿನವರೆಗೆ ಹೋಗಿ ನೋಡಿದ. ಕಾವಲಿನವನು ದಿಗಿಲುಬಿದ್ದು ಬಂದೂಕು ಎತ್ತಿ ಸಲಾಮು ಹೊಡೆದ, ಅಷ್ಟರಲ್ಲಿ ಎಡಿಸಿ ಹುಲ್ಲಿನ ಮೇಲೆ ಓಡಿ ಬರುತ್ತಿದ್ದ. "ಸುಮ್ಮನೆ ಗಾಳಿಗೆ," ಎಂದ ಅವನು, ಮನೆ ಬಿಟ್ಟು ಓಡಿಹೋಗಲು ನೋಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ. ಒಳಗೆ ಬಂದು ಅರ್ಧ ಗಂಟೆ ಕೂತ. ಮಗಳು ಇನ್ನೂ ಹುಟ್ಟದಿದ್ದಾಗ, ಹೊಸದಾಗಿ ಕೆಲಸಕ್ಕೆ ಸೇರಿದಾಗ, ಮೇಲಿನವರು ಕಲಿಸಿದ ಮೊದಲ ಪಾಠ: ಎಲ್ಲಿಗೆ ಹೋದರೂ ತಿಳಿಸಿ ಹೋಗು, ತಿಳಿಸದೆ ಹೋದವನು ಒಂದೋ ಗೂಢಚಾರ ಇಲ್ಲವೇ ಹೆಣ. ಕೊನೆಗೆ ಗಂಟೆ ಒತ್ತಿದ. ಕಾರ್ಯದರ್ಶಿ ಒಬ್ಬನಿಗೇ ಹೇಳಿದರೆ ಹೇಳಿದಂತಲ್ಲ, ಅದು ತನಗೆ ತಾನೇ ಹೇಳಿಕೊಂಡ ಹಾಗೆ, ಎಂದುಕೊಂಡ.

"ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಈಗಲೇ. ಗುಟ್ಟಾಗಿರಲಿ."

"ಖಂಡಿತ ಸಾರ್," ಎಂದ ಕಾರ್ಯದರ್ಶಿ. "ಎರಡು ಗಂಟೆ ಟೈಮ್ ಕೊಡಿ. ಗುಟ್ಟಾಗೇ ವ್ಯವಸ್ಥೆ ಮಾಡಿಸ್ತೀನಿ."

ಆ ಎರಡು ಗಂಟೆ ಅವನು ತುಂಬ ಸುಖವಾಗಿದ್ದ. ತಿಂಡಿ ತರಿಸಿ ತಿಂದ. ಹೇಳಬೇಕಾದ ಮಾತನ್ನು ಕಾಗದವಿಲ್ಲದೆ, ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳಿ ನೋಡಿದ. ನಾನು ಕಣ್ಣಾರೆ ಕಂಡೆ. ಎಷ್ಟು ಚಿಕ್ಕ ವಾಕ್ಯ! ನಾನು ಎಂದು ಶುರುವಾಗುವ ವಾಕ್ಯ ಬಾಯಲ್ಲಿ ಹೊಸ ಹಲ್ಲಿನ ಹಾಗೆ ಒತ್ತುತ್ತಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಸುಣ್ಣದ ಪುಡಿಯ ಬಿಳಿಯ ಗೆರೆಗಳಿದ್ದವು. ಮೆಟ್ಟಿಲ ಮೇಲೆ ಸಾಲಾಗಿ ನಿಂತ ವೈದ್ಯರು, ನರ್ಸುಗಳು. ಒಂದು ಕಡೆ ಕ್ಯಾಮೆರಾದವರು. ಸೂಪರಿಂಟೆಂಡೆಂಟ್ ಎರಡೂ ಕೈ ಜೋಡಿಸಿಕೊಂಡು ಓಡಿಬಂದ. ಅವನ ಬಿಳಿ ಕೋಟಿನ ಮೇಲೆ ಮಡಿಕೆಯ ಗೆರೆಗಳು ಇನ್ನೂ ಇದ್ದವು. ಸಾಲಿನ ಕೊನೆಯಲ್ಲಿ ಮಗಳು. ಅವಳ ಕೈಯಲ್ಲಿ ಯಾರೋ ಹೂಗುಚ್ಛ ತುರುಕಿದ್ದರು. ಅವಳು ಅದನ್ನು, ತಲೆಕೆಳಗಾಗಿ ಹಿಡಿದ ಕೋಳಿಯ ಹಾಗೆ, ಕೆಳಮುಖವಾಗಿ ಹಿಡಿದಿದ್ದಳು.

"ಯಾರಿಗೂ ಹೇಳದೆ ಬನ್ನಿ ಅಂದಿದ್ದೆ," ಎಂದಳು, ತುಟಿ ಅಲ್ಲಾಡದ ಹಾಗೆ.

"ಒಬ್ಬರಿಗೇ ಹೇಳಿದ್ದು ಪುಟ್ಟಿ."

ಅವಳು ಹೂವನ್ನು ಅವನ ಕೈಗೆ ಕೊಟ್ಟಳು. ಫ್ಲ್ಯಾಷು ಮಿಂಚಿತು.

ವಾರ್ಡಿನಲ್ಲಿ ಫಿನಾಯಿಲಿನ ವಾಸನೆ ಕಣ್ಣಿಗೆ ಹೊಡೆಯುವಷ್ಟಿತ್ತು. ನೆಲ ಒದ್ದೆಯಾಗಿ ಹೊಳೆಯುತ್ತಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ಹಾಸಿಗೆಗಳ ಮೇಲೆ ಹೊಸ ಹೊದಿಕೆ, ಒಂದೊಂದಕ್ಕೆ ಒಬ್ಬೊಬ್ಬ ರೋಗಿ, ಎಲ್ಲರೂ ಎದ್ದು ಕೂತು ಅವನನ್ನೇ ನೋಡುತ್ತಿದ್ದರು. ಮಕ್ಕಳಿರಲಿಲ್ಲ. ಅವನು ಮೊದಲ ಹಾಸಿಗೆಯ ಬಳಿ ನಿಂತು, ದಪ್ಪ ಮೀಸೆಯ ಮನುಷ್ಯನನ್ನು "ಏನಾಗಿದೆ ನಿಮಗೆ?" ಎಂದ.

"ಕಾಲು ಸಾರ್," ಎಂದು ಮೀಸೆಯವನು ಹೊದಿಕೆ ಸರಿಸಿ ಪ್ಲಾಸ್ಟರು ಹಾಕಿದ ಕಾಲು ತೋರಿಸಿದ. "ಏಣಿಯಿಂದ ಬಿದ್ದೆ."

"ವಾಂತಿಭೇದಿ ವಾರ್ಡಿನಲ್ಲಿ?"

ಮೀಸೆಯವನು ಸೂಪರಿಂಟೆಂಡೆಂಟನ ಮುಖ ನೋಡಿದ. "ಇಲ್ಲಿ ಗಾಳಿ ಚೆನ್ನಾಗಿದೆ ಅಂದ್ರು ಸಾರ್."

ಹಿಂದೆ ಯಾರೋ ಕಿಸಕ್ಕೆಂದರು. ಅವನು ತಿರುಗಿ ಮಗಳನ್ನು ಹುಡುಕಿದ. ಅವಳು ಗೋಡೆಗೆ ಆತು ನಿಂತು ನೆಲ ನೋಡುತ್ತಿದ್ದಳು. ನೋಡಿದ್ದನ್ನು ಹೇಳಿ ಎಂದಿದ್ದಳು. ನೋಡಲು ಇಲ್ಲಿ ಏನಿದೆ? ಕಾಲು ಮುರಿದ ಒಬ್ಬ ಮನುಷ್ಯ, ತೊಳೆದ ನೆಲ. ಕ್ಯಾಮೆರಾಗಳು ಅವನ ಮುಖಕ್ಕೆ ಕಾಯುತ್ತಿದ್ದವು. ಆಗ ವಾರ್ಡಿನ ಮೂಲೆಯಲ್ಲಿ ನಲ್ಲಿ ಕಂಡಿತು, ತುಕ್ಕು ಹಿಡಿದ ನಲ್ಲಿ, ಕೆಳಗೆ ಹಸಿರುಗಟ್ಟಿದ ಸಿಮೆಂಟಿನ ತೊಟ್ಟಿ. ಎಷ್ಟು ತಿಕ್ಕಿದರೂ ಆ ಹಸಿರು ಹೋಗಿರಲಿಲ್ಲ. ಮಾತು ಸಾಲದೆಹೋದಾಗ ಮೈಯಿದೆಯಲ್ಲ. ಓದದ್ದನ್ನು ಓದಿದಂತೆ ಬರೆದುಕೊಳ್ಳಬಹುದು, ಕುಡಿದದ್ದನ್ನು ಏನೆಂದು ಬರೆದುಕೊಳ್ಳುತ್ತಾರೆ? ಈ ಆಸ್ಪತ್ರೆಗೂ ಅದೇ ಕೊಳವೆ; ಬಡಾವಣೆಯ ಮಕ್ಕಳು ಕುಡಿದ ನೀರನ್ನು ತಾನೂ ಕುಡಿಯುತ್ತೇನೆ. ನಾಳೆ ಇದೇ ವಾರ್ಡಿನಲ್ಲಿ ಮಲಗುತ್ತೇನೆ. ಆಗ ಹೇಳಲಿ ವದಂತಿ ಎಂದು. ಮಗಳು ಹಣೆ ಮುಟ್ಟಿ ನೋಡುತ್ತಾಳೆ.

"ಒಂದು ಲೋಟ ಕೊಡಿ," ಎಂದ.

ಸೂಪರಿಂಟೆಂಡೆಂಟ್ ಸೀಲು ಹಾಕಿದ ಬಾಟಲಿ ಹಿಡಿದು ಧಾವಿಸಿದ. ಅವನು ಅದನ್ನು ಬದಿಗೆ ಸರಿಸಿ, ತೊಟ್ಟಿಯ ಅಂಚಿನಲ್ಲಿದ್ದ ಸ್ಟೀಲಿನ ಲೋಟ ತೆಗೆದುಕೊಂಡು ನಲ್ಲಿ ತಿರುಗಿಸಿದ. ಕ್ಯಾಮೆರಾಗಳೆಲ್ಲ ಒಮ್ಮೆಲೇ ನುಗ್ಗಿದವು.

"ಅಪ್ಪ, ಬೇಡ!" ಮಗಳು ಕೂಗಿದಳು. ಅಷ್ಟು ಜನರ ಮುಂದೆ ಅವಳು ಅವನನ್ನು ಅಪ್ಪ ಎಂದದ್ದು ಅದೇ ಮೊದಲು. ಹೆದರಿದ್ದಾಳೆ, ನನಗಾಗಿ ಹೆದರಿದ್ದಾಳೆ ಎಂದು ಅವನ ಕಣ್ಣು ಹನಿಗೂಡಿತು, ಲೋಟ ಎತ್ತಿ ಗಟಗಟ ಕುಡಿದುಬಿಟ್ಟ.

ತುಕ್ಕಿನ, ಕೆಸರಿನ, ಕೊಳೆತದ್ದರ ರುಚಿಗೆ ನಾಲಿಗೆ ಸಿದ್ಧವಾಗಿತ್ತು. ನೀರು ತಣ್ಣಗಿತ್ತು. ಶುದ್ಧವಾಗಿತ್ತು.

"ಹೇಗಿದೆ ಸಾರ್ ನೀರು?" ಎಂದ ಒಬ್ಬ ಪತ್ರಕರ್ತ, ಮೈಕು ಮುಂದೆ ಚಾಚಿ.

"ಸಿಹಿಯಾಗಿದೆ," ಎಂದ ಅವನು, ಆಶ್ಚರ್ಯದಿಂದ.

ಸೂಪರಿಂಟೆಂಡೆಂಟ್ ಕಿವಿಯ ಹತ್ತಿರ ಬಂದು ಬೆವರುತ್ತ ಹೇಳಿದ: "ಗಾಬರಿ ಬೇಡ ಸಾರ್, ತಮಗೇನೂ ಆಗಲ್ಲ. ತಾವು ಬರ್ತೀರಿ ಅಂತ ತಿಳಿದ ಕೂಡಲೇ ಮೇಲಿನ ಟ್ಯಾಂಕು ಖಾಲಿ ಮಾಡ್ಸಿ ಟ್ಯಾಂಕರ್ ನೀರು ತುಂಬಿಸಿದೀವಿ."

ಅವನು ಮಗಳ ಕಡೆ ನೋಡಿದ. ಬೇಡ ಎಂದದ್ದು ಅವನ ಹೊಟ್ಟೆಗಲ್ಲ, ಆ ಫೋಟೋಕ್ಕೆ ಎಂಬುದು ಆಗ, ಕಾಲ ಮೀರಿದ ಮೇಲೆ, ಹೊಳೆಯಿತು. ಸಂಜೆ ಟಿವಿಯಲ್ಲಿ ಬರಲಿರುವ ಕೆಂಪು ಪಟ್ಟಿ ಕಣ್ಣ ಮುಂದೆ ಹಾದುಹೋಯಿತು. ಲೋಟ ಇನ್ನೂ ಕೈಯಲ್ಲಿತ್ತು.

"ಕೇಳಿ," ಎಂದ. ದನಿ ಒಡೆದಿತ್ತು. ಅದು ಸದನದ ಗೋಡೆಗೆ ಬಡಿದು ಮರಳಿದ ದನಿಯಲ್ಲ, ಕೀರಲು, ಮುದಿ ದನಿ. "ಈ ನೀರು ಇವತ್ತು ತುಂಬಿಸಿದ್ದು. ಕೊಳವೆಯ ನೀರು ಕುಡಿದು ಮಕ್ಕಳು ಸತ್ತಿದ್ದಾರೆ. ಡಾಕ್ಟರು ಹೇಳಿದ್ದು ನಿಜ. ಆ ಪ್ಯಾರಾ ನಾನು ಓದಲಿಲ್ಲ. ಅದು ಸುಳ್ಳು, ಅದಕ್ಕೇ ಓದಲಿಲ್ಲ."

ಕಾಲು ಮುರಿದವನು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡ. ಮೈಕು ಹಿಡಿದಿದ್ದವನು ನಿಜವಾಗಿಯೂ ಗೊಂದಲಗೊಂಡು, ಅವನ ಮುಖವನ್ನೂ ಕೈಯಲ್ಲಿದ್ದ ಖಾಲಿ ಲೋಟವನ್ನೂ ನೋಡಿದ.

"ಆದ್ರೆ ಸಾರ್... ಈಗ ತಾನೇ ತಾವೇ ಕುಡಿದು, ಸಿಹಿಯಾಗಿದೆ ಅಂದ್ರಲ್ಲ?"

ಇದಕ್ಕೆ ಉತ್ತರವಿತ್ತು, ಹೇಳಲು ತುಂಬ ಹೊತ್ತು ಬೇಕಿತ್ತು. ಟ್ಯಾಂಕರು, ಎರಡು ಗಂಟೆ, ಯಾರಿಗೂ ಹೇಳಬೇಡಿ ಎಂದದ್ದು. ಬಾಯಿ ತೆರೆದ. ಅಷ್ಟರಲ್ಲಿ ಮಗಳು ಹತ್ತಿರ ಬಂದು ಅವನ ಕೈಯಿಂದ ಲೋಟ ತೆಗೆದುಕೊಂಡಳು. ಅವಳ ಬೆರಳುಗಳು ಒರಟಾಗಿ, ಬೆಚ್ಚಗಿದ್ದವು.

"ಸಾಕು ಅಪ್ಪ. ಹೇಳಿದ್ರಲ್ಲ. ಈಗ ಹೊರಡಿ."

"ಇಲ್ಲ ಪುಟ್ಟಿ, ಇವರಿಗೆ ಪೂರ್ತಿ..."

"ಹೊರಡಿ ಅಪ್ಪ. ಎಲ್ಲರನ್ನೂ ಹಿಂದಿನ ಅಂಗಳದಲ್ಲಿ ಬಿಸಿಲಿಗೆ ಮಲಗಿಸಿದಾರೆ. ನೀವು ಹೋಗೋವರೆಗೂ ಒಳಗೆ ಬಿಡಲ್ಲ. ಎರಡು ಕೂಸಿಗೆ ಡ್ರಿಪ್ ಕಿತ್ತಿದಾರೆ." ಅವಳ ಕಣ್ಣು ಅವನ ಮೇಲಿರಲಿಲ್ಲ, ವಾರ್ಡಿನ ಹಿಂಬಾಗಿಲ ಅಗುಳಿಯ ಮೇಲಿತ್ತು. "ಬೇಗ."

ಅವನು ತಿರುಗಿದ. ಸೂಪರಿಂಟೆಂಡೆಂಟ್ "ಸಾರ್, ಎರಡು ಮಾತು ಸಂದರ್ಶಕರ ಪುಸ್ತಕದಲ್ಲಿ..." ಎನ್ನುತ್ತ ಅಡ್ಡ ಬಂದ. ಎಡಿಸಿ ದಾರಿ ಬಿಡಿಸಲು ಕೈ ಚಾಚಿದ. ಸಾಲು ನಿಂತವರು ಮತ್ತೆ ಕೈ ಜೋಡಿಸತೊಡಗಿದರು, ಒಬ್ಬೊಬ್ಬರಾಗಿ, ಪದ್ಧತಿಯ ಪ್ರಕಾರ ಅವನು ಪ್ರತಿಯೊಬ್ಬರ ಮುಂದೆ ಅರೆಕ್ಷಣ ನಿಲ್ಲಬೇಕಿತ್ತು. ಅವನು ನಿಲ್ಲಲಿಲ್ಲ. ಸೂಪರಿಂಟೆಂಡೆಂಟನನ್ನು ಹೆಗಲಿನಿಂದ ನೂಕಿ, ಒದ್ದೆ ನೆಲದ ಮೇಲೆ ಜಾರಿ, ಗೋಡೆ ಹಿಡಿದು ಸಾವರಿಸಿಕೊಂಡು, ಓಡತೊಡಗಿದ. ಕೋಟಿನ ಗುಂಡಿ ಕಿತ್ತು ಎಲ್ಲೋ ಉರುಳಿತು. "ಸಾರ್, ಏನಾಯ್ತು ಸಾರ್?" ಎನ್ನುತ್ತ ಎಡಿಸಿ ಟೋಪಿ ಒತ್ತಿ ಹಿಡಿದು ಹಿಂದೆ ಓಡಿಬಂದ, ಅವನ ಹಿಂದೆ ಕ್ಯಾಮೆರಾಗಳು. ಮೆಟ್ಟಿಲಿಳಿದು, ಸುಣ್ಣದ ಗೆರೆಗಳನ್ನು ತುಳಿದು, ಕಾರಿನ ಬಾಗಿಲನ್ನು ತಾನೇ ಎಳೆದು ಒಳಗೆ ಬಿದ್ದು, "ಹೊರಡು, ಹೊರಡಪ್ಪ, ಬೇಗ," ಎಂದು ಚಾಲಕನ ಬೆನ್ನಿಗೆ ಗುದ್ದಿದ. ಚಾಲಕ ಗಾಬರಿಯಿಂದ ಗೇರು ಹಾಕುವಾಗ, ಕಟ್ಟಡದ ಹಿಂಬದಿಯಲ್ಲಿ ವಾರ್ಡಿನ ಹಿಂಬಾಗಿಲ ಅಗುಳಿ ತೆಗೆದ ಸದ್ದಿಗಾಗಿ ಅವನು ಉಸಿರು ಬಿಗಿಹಿಡಿದು ಕಿವಿಗೊಟ್ಟ. ಸೈರನ್ನು ಶುರುವಾಯಿತು, ಬೇರೇನೂ ಕೇಳಿಸಲಿಲ್ಲ.